ಗೋಡೆಯೊಳಗಿನ ಹೊಗೆಕೊಳವೆಯ ಹೊಣೆ ಯಾರದು?

ಮನೆಯೊಳಗೆ ಬೆಂಕಿಯನ್ನು ಇರಿಸಿಕೊಳ್ಳುವ ಪ್ರತಿಯೊಂದು ಏರ್ಪಾಡೂ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ: ಉರಿಯಲು ಬೇಕಾದ ಗಾಳಿ ಎಲ್ಲಿಂದ ಬರುತ್ತದೆ ಎಂಬುದು ಒಂದು, ಉರಿದ ಮೇಲೆ ಉಳಿಯುವ ಅನಿಲ ಎಲ್ಲಿಗೆ ಹೋಗುತ್ತದೆ ಎಂಬುದು ಇನ್ನೊಂದು. ಸೌದೆ ಉರಿಸುತ್ತಿದ್ದ ಕಾಲದಲ್ಲಿ ಎರಡನೆಯ ಪ್ರಶ್ನೆಯನ್ನು ಯಾರೂ ಮರೆಯುವಂತಿರಲಿಲ್ಲ. ಹೊಗೆ ಕಣ್ಣು ಉರಿಸುತ್ತಿತ್ತು, ಕೆಮ್ಮು ತರಿಸುತ್ತಿತ್ತು, ಜಂತೆಗೆ ಮಸಿ ಹಿಡಿಸುತ್ತಿತ್ತು, ಆದ್ದರಿಂದ ಹೊಗೆಗೂಡಿಲ್ಲದ ಒಲೆಯ ತೊಂದರೆ ಮನೆಮಂದಿಗೆಲ್ಲ ದಿನವೂ ಗೊತ್ತಾಗುತ್ತಿತ್ತು. ಗ್ಯಾಸ್ ಬಂದ ಮೇಲೆ ಬೆಂಕಿ ಶುಭ್ರವಾಯಿತು, ಆ ಶುಭ್ರತೆಯೇ ಎರಡನೆಯ ಪ್ರಶ್ನೆಯನ್ನು ಮರೆಸಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಕಟ್ಟಿದ ಅಪಾರ್ಟ್‌ಮೆಂಟುಗಳ ಗೋಡೆಗಳಲ್ಲಿ ಇಂದಿಗೂ ಉರಿಯುತ್ತಿರುವ ಹಳೆಯ ಗ್ಯಾಸ್ ಹೀಟರುಗಳು ಈ ಮರೆವಿನ ಅಪಾಯವನ್ನು ಸ್ಪಷ್ಟವಾಗಿ ತೋರಿಸುತ್ತವೆ. ಅವುಗಳ ಸುರಕ್ಷತೆ ಬಹುಮಟ್ಟಿಗೆ ಗೋಡೆಯೊಳಗೆ ಅಡಗಿರುವ ಹೊಗೆಕೊಳವೆಯನ್ನು ಅವಲಂಬಿಸಿದೆ. ಆ ಕೊಳವೆ ಬಾಡಿಗೆದಾರನ ಕಣ್ಣಿಗೆ ಕಾಣುವುದಿಲ್ಲ, ಅದು ಕೆಟ್ಟಾಗ ಮನೆಯಲ್ಲಿ ಹರಡುವ ವಿಷ ಮೂಗಿಗೆ ತಿಳಿಯುವುದಿಲ್ಲ. ಹೀಗಿರುವಾಗ ಆ ಕೊಳವೆಯನ್ನು ವರ್ಷಕ್ಕೊಮ್ಮೆ ಅರ್ಹ ತಂತ್ರಜ್ಞನಿಂದ ಪರೀಕ್ಷೆ ಮಾಡಿಸುವ ಹೊಣೆಯನ್ನು ಕಾನೂನು ಕಟ್ಟಡದ ಮಾಲೀಕನ ಮೇಲೆ ಹೊರಿಸಬೇಕು, ಬಾಡಿಗೆದಾರನ ಎಚ್ಚರಕ್ಕೋ ಗೋಡೆಗೆ ತಗುಲಿಸಿದ ಅಲಾರಮಿಗೋ ಅದನ್ನು ಬಿಟ್ಟುಬಿಡಲಾಗದು ಎಂಬುದು ಇಲ್ಲಿ ಮಂಡಿಸುವ ವಾದ.

ಈ ಹೀಟರಿನ ರಚನೆಯನ್ನು ಮೊದಲು ತಿಳಿಯಬೇಕು. ಕ್ಯಾಲಿಫೋರ್ನಿಯಾದ ಹಳೆಯ ಅಪಾರ್ಟ್‌ಮೆಂಟುಗಳ ಗೋಡೆಗಳು ಇಟ್ಟಿಗೆಯವಲ್ಲ; ಹದಿನಾರು ಅಂಗುಲಕ್ಕೊಂದರಂತೆ ನಿಲ್ಲಿಸಿದ ಮರದ ಕಂಬಗಳ ಎರಡೂ ಬದಿಗೆ ಹಲಗೆ ಅಥವಾ ಗಾರೆಯ ಹೊದಿಕೆ ಹಾಕಿ ಮಾಡಿದವು. ಎರಡು ಕಂಬಗಳ ನಡುವೆ ಉಳಿಯುವ, ಸುಮಾರು ಹದಿನಾಲ್ಕು ಅಂಗುಲ ಅಗಲದ ಮತ್ತು ಮೂರೂವರೆ ಅಂಗುಲ ಆಳದ ಪೊಳ್ಳಿನಲ್ಲಿ ಕೂರುವಂತೆ ಈ ಹೀಟರನ್ನು ರೂಪಿಸಲಾಯಿತು. ಲಾಸ್ ಏಂಜಲೀಸ್‌ನಲ್ಲಿ 1950 ಮತ್ತು 1960ರ ದಶಕಗಳಲ್ಲಿ ಸಾಲುಸಾಲಾಗಿ ಎದ್ದ, ನೆಲಮಟ್ಟದಲ್ಲಿ ಕಾರು ನಿಲ್ಲಿಸಿ ಮೇಲೆ ಎರಡು ಮಹಡಿ ವಾಸವಿರುವ ‘ಡಿಂಗ್‌ಬ್ಯಾಟ್’ ಎಂಬ ಅಡ್ಡಹೆಸರಿನ ಕಟ್ಟಡಗಳಿಗೂ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಊರುಗಳ ಬಾಡಿಗೆ ಮನೆಗಳಿಗೂ ಇದು ಅಗ್ಗವಾಗಿ ಒದಗಿತು. ಚಳಿ ಸೌಮ್ಯವಾಗಿರುವ ಆ ಸೀಮೆಯಲ್ಲಿ ಮನೆತುಂಬ ಬಿಸಿಗಾಳಿ ಹರಿಸುವ ದುಬಾರಿ ಕೊಳವೆಜಾಲದ ಅಗತ್ಯ ಯಾರಿಗೂ ಕಾಣಲಿಲ್ಲ. ಹೀಟರಿನ ನಡುವೆ ಉಕ್ಕಿನ ತಗಡಿನ ದಹನಕೋಶವಿದೆ, ಅಂದರೆ ಬರ್ನರ್ ಉರಿಯುವ ಮುಚ್ಚಿದ ಪೆಟ್ಟಿಗೆ. ಕೋಣೆಯ ಗಾಳಿ ಆ ಪೆಟ್ಟಿಗೆಯ ಹೊರಮೈಯನ್ನು ಸವರಿ ಬಿಸಿಯಾಗಿ ಮೇಲಿನ ಜಾಲರಿಯಿಂದ ಹೊರಬರುತ್ತದೆ. ಒಳಗೆ ಉರಿದ ಅನಿಲ ಮಾತ್ರ ಬೇರೆ ದಾರಿ ಹಿಡಿದು, ಗೋಡೆಯ ಪೊಳ್ಳಿನಲ್ಲೇ ನಿಲ್ಲಿಸಿದ, ಒಂದರೊಳಗೊಂದು ಸೇರಿಸಿದ ಎರಡು ಪದರದ ಅಂಡಾಕಾರದ ಲೋಹದ ಕೊಳವೆಯ ಮೂಲಕ ಮಾಳಿಗೆಯ ಮೇಲಕ್ಕೆ ಹೋಗುತ್ತದೆ. ಗ್ಯಾಸಿನ ಉರಿಯಲ್ಲಿ ಕಾಣುವ ಹೊಗೆ ಇಲ್ಲದಿದ್ದರೂ ಕೆಲಸ ಅದೇ ಆದ್ದರಿಂದ ಅದನ್ನು ಹೊಗೆಕೊಳವೆ ಎಂದು ಕರೆಯುವುದು ಸರಿಯೇ.

ಈ ಕೊಳವೆಯಲ್ಲಿ ಅನಿಲವನ್ನು ತಳ್ಳುವ ಫ್ಯಾನ್ ಇಲ್ಲ. ಬಿಸಿಯಾದ ಅನಿಲ ಹೊರಗಿನ ತಂಪು ಗಾಳಿಗಿಂತ ಹಗುರ, ಹಾಗಾಗಿ ತಾನಾಗಿಯೇ ಮೇಲೇರುತ್ತದೆ. ಈ ಸಹಜ ಸೆಳೆತಕ್ಕೆ ಡ್ರಾಫ್ಟ್ ಎಂಬ ಹೆಸರಿದೆ. ವಾತಾವರಣದ ಒತ್ತಡ ಸುಮಾರು ಒಂದು ಲಕ್ಷ ಪಾಸ್ಕಲ್ ಇರುವಾಗ ಈ ಸೆಳೆತದ ಬಲ ಕೆಲವೇ ಪಾಸ್ಕಲ್‌ಗಳಷ್ಟು, ಆದ್ದರಿಂದ ಅಲ್ಪ ಅಡ್ಡಿಯೂ ಅದನ್ನು ಸೋಲಿಸಬಲ್ಲದು. ಕೊಳವೆ ಎತ್ತರವಾದಷ್ಟೂ ಸೆಳೆತ ಹೆಚ್ಚು. ಅದಕ್ಕಾಗಿಯೇ ಗೋಡೆ ಹೀಟರಿನ ಕೊಳವೆಯ ತುದಿ ಹೀಟರಿನ ತಳದಿಂದ ಕನಿಷ್ಠ 12 ಅಡಿ ಮೇಲಿರಬೇಕು ಎಂದು ಅಮೆರಿಕದ ಅನಿಲ ಸಂಹಿತೆ ವಿಧಿಸುತ್ತದೆ. ಮೇಲಂತಸ್ತಿನ ಮನೆಯ ಕೊಳವೆ ಸಹಜವಾಗಿಯೇ ಗಿಡ್ಡ, ಅದರ ಸೆಳೆತವೂ ದುರ್ಬಲ. ದಹನಕೋಶ ಮತ್ತು ಕೊಳವೆ ಕೂಡುವಲ್ಲಿ ಡ್ರಾಫ್ಟ್ ಹುಡ್ ಎಂಬ ತೆರೆದ ಬಾಯಿ ಇರುತ್ತದೆ. ಗಾಳಿಯ ಹೊಡೆತ ಕೊಳವೆಯಲ್ಲಿ ಕೆಳಗಿಳಿದಾಗ ಉರಿ ಆರದಂತೆ ಕಾಪಾಡುವುದು ಅದರ ಉದ್ದೇಶ. ಆದರೆ ಕೊಳವೆ ಮುಚ್ಚಿಹೋದರೆ ಉರಿದ ಅನಿಲವೆಲ್ಲ ಇದೇ ಬಾಯಿಂದ ಕೋಣೆಗೆ ಚೆಲ್ಲುತ್ತದೆ, ಬರ್ನರ್ ಮಾತ್ರ ಏನೂ ಆಗಿಲ್ಲವೆಂಬಂತೆ ಉರಿಯುತ್ತಲೇ ಇರುತ್ತದೆ.

ಹೀಗೆ ಚೆಲ್ಲಿದ ಅನಿಲ ಎಷ್ಟು ಅಪಾಯಕಾರಿ ಎಂಬುದನ್ನು ತಿಳಿಯಲು ಉರಿಯುವಿಕೆಯ ಲೆಕ್ಕವನ್ನು ನೋಡಬೇಕು. ನೈಸರ್ಗಿಕ ಅನಿಲದ ಮುಖ್ಯ ಭಾಗವಾದ ಮೀಥೇನ್ ಪೂರ್ತಿಯಾಗಿ ಉರಿಯಲು ತನ್ನ ಸುಮಾರು ಹತ್ತು ಪಟ್ಟು ಗಾತ್ರದ ಗಾಳಿಯನ್ನು ಬಯಸುತ್ತದೆ. ಅಷ್ಟು ಸಿಕ್ಕಾಗ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹುಟ್ಟುತ್ತವೆ; ಒಂದು ಕಿಲೋ ಮೀಥೇನ್ ಉರಿದರೆ ಎರಡೂಕಾಲು ಕಿಲೋ ನೀರು ಆವಿಯ ರೂಪದಲ್ಲಿ ಹೊರಬರುತ್ತದೆ. ಗಾಳಿ ಸಾಲದೆ ಹೋದಾಗ, ಅಥವಾ ಧೂಳು ಕಟ್ಟಿದ ಬರ್ನರಿನಲ್ಲಿ ಅನಿಲ ಮತ್ತು ಗಾಳಿ ಸರಿಯಾಗಿ ಬೆರೆಯದಿದ್ದಾಗ, ಇಂಗಾಲ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಕೊಳವೆ ಮುಚ್ಚಿದ ಮೊದಲ ಹೊತ್ತಿನಲ್ಲಿ ಕೋಣೆಗೆ ಬರುವುದು ಬಹುಪಾಲು ನೀರಾವಿ ಮತ್ತು ಡೈಆಕ್ಸೈಡ್ ಆಗಿರಬಹುದು, ಕಿಟಕಿಯ ಗಾಜು ಬೆವರುವುದು ಅದರ ಕುರುಹು. ಆದರೆ ಹೀಟರ್ ಉಸಿರಾಡುವುದು ಅದೇ ಕೋಣೆಯ ಗಾಳಿಯನ್ನು. ತಾನೇ ಹೊರಹಾಕಿದ ಅನಿಲವನ್ನು ತಾನೇ ಮತ್ತೆ ಎಳೆದುಕೊಂಡಂತೆ ಉರಿಗೆ ಸಿಗುವ ಆಮ್ಲಜನಕ ಇಳಿಯುತ್ತದೆ, ಆಮ್ಲಜನಕ ಇಳಿದಂತೆ ಮಾನಾಕ್ಸೈಡ್ ಏರುತ್ತದೆ, ಹೊತ್ತು ಕಳೆದಷ್ಟೂ ಈ ಚಕ್ರ ಬಿಗಿಯಾಗುತ್ತ ಹೋಗುತ್ತದೆ. ಸಂಜೆ ಹಚ್ಚಿದಾಗ ಸರಿಯಿದ್ದ ಹೀಟರ್ ಮಧ್ಯರಾತ್ರಿಯ ಹೊತ್ತಿಗೆ ವಿಷ ಕಾರುವುದು ಈ ಕಾರಣದಿಂದ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅದು ರಕ್ತದ ಮೇಲೆ ಎರಗುತ್ತದೆ ಎಂಬುದನ್ನು ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಕ್ಲೋದ್ ಬರ್ನಾರ್ 1850ರ ದಶಕದಲ್ಲಿ ತೋರಿಸಿದರೆ, ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದಲ್ಲಿ ತಮ್ಮ ದೇಹದ ಮೇಲೆಯೇ ಪ್ರಯೋಗ ಮಾಡಿ ಅದರ ಪರಿಣಾಮವನ್ನು ಅಳೆದರು. ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಮಾನಾಕ್ಸೈಡನ್ನು ಅಪ್ಪಿಕೊಳ್ಳುತ್ತದೆ. ಗಾಳಿಯಲ್ಲಿ ಸಾವಿರಕ್ಕೆ ಒಂದು ಭಾಗ ಮಾತ್ರ ಅದಿದ್ದರೂ ಕೆಲವು ಗಂಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಿಮೋಗ್ಲೋಬಿನ್ ಅದರ ವಶವಾಗುತ್ತದೆ. ಮೊದಲಿಗೆ ತಲೆನೋವು, ವಾಕರಿಕೆ, ತಲೆಸುತ್ತು, ಆಯಾಸ ಕಾಣಿಸಿಕೊಳ್ಳುತ್ತವೆ. ಚಳಿಗಾಲದ ನೆಗಡಿ ಜ್ವರಕ್ಕೂ ಇವೇ ಲಕ್ಷಣಗಳಿರುವುದರಿಂದ ರೋಗಿಯೂ ಕೆಲವೊಮ್ಮೆ ವೈದ್ಯರೂ ಮೋಸಹೋಗುತ್ತಾರೆ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್ ಮಾನಾಕ್ಸೈಡ್ ಹೊತ್ತ ಹಿಮೋಗ್ಲೋಬಿನ್ನನ್ನೂ ಆಮ್ಲಜನಕ ಹೊತ್ತದ್ದೆಂದೇ ಓದುವುದರಿಂದ ವಿಷವೇರಿದ ದೇಹದಲ್ಲೂ ಸಂಖ್ಯೆ ಚೆನ್ನಾಗಿಯೇ ಕಾಣುತ್ತದೆ. ಮಲಗಿದವರಿಗೆ ಲಕ್ಷಣ ತಿಳಿಯುವ ಅವಕಾಶವೂ ಇಲ್ಲ. ಗರ್ಭಿಣಿಯರು, ಹಸುಗೂಸುಗಳು, ಹೃದ್ರೋಗವಿರುವ ಹಿರಿಯರು ಎಲ್ಲರಿಗಿಂತ ಮೊದಲು ಇದಕ್ಕೆ ತುತ್ತಾಗುತ್ತಾರೆ. ಬದುಕಿ ಉಳಿದವರಲ್ಲಿಯೂ ಕೆಲವರಿಗೆ ವಾರಗಳ ನಂತರ ನೆನಪು ಮತ್ತು ಚಲನೆಯ ತೊಂದರೆಗಳು ಕಾಣಿಸಿಕೊಳ್ಳುತ್ತವೆ.

ಗ್ಯಾಸ್ ಉಪಕರಣಗಳಲ್ಲಿ ಎರಡು ಬಗೆಯ ಅಪಾಯಗಳಿವೆ, ಅವುಗಳನ್ನು ಬೇರೆಬೇರೆಯಾಗಿ ಗುರುತಿಸದಿರುವುದೇ ಬಹಳಷ್ಟು ಗೊಂದಲಕ್ಕೆ ಮೂಲ. ಉರಿಯದ ಅನಿಲ ಸೋರಿ ಸಿಡಿಯುವುದು ಮೊದಲನೆಯದು. ಉರಿದ ಅನಿಲ ಹೊರಹೋಗದೆ ಮನೆಯಲ್ಲಿ ಉಳಿಯುವುದು ಎರಡನೆಯದು. ಮೊದಲನೆಯದರ ಪಾಠವನ್ನು ಅಮೆರಿಕ 1937ರ ಮಾರ್ಚ್ 18ರಂದು ಕಲಿಯಿತು. ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯ ನೆಲದಡಿಯಲ್ಲಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ಸೋರಿ ತುಂಬಿ ಸಿಡಿದಾಗ ಸುಮಾರು ಮುನ್ನೂರು ಜನ, ಹೆಚ್ಚಿನವರು ಮಕ್ಕಳು, ಸತ್ತರು. ಅದರ ಬೆನ್ನಿಗೇ ಅನಿಲಕ್ಕೆ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತವನ್ನು ಬೆರೆಸಿ ಕೆಟ್ಟ ವಾಸನೆ ಕೊಡುವುದು ಕಡ್ಡಾಯವಾಯಿತು. ಹಳೆಯ ಹೀಟರಿನಲ್ಲಿರುವ ಥರ್ಮೊಕಪಲ್ ಕೂಡ, ಅಂದರೆ ಸದಾ ಉರಿಯುವ ಪುಟ್ಟ ಪೈಲಟ್ ಜ್ವಾಲೆಯ ಬಿಸಿಯನ್ನು ಗುರುತಿಸಿ ಅದು ಆರಿದರೆ ಗ್ಯಾಸನ್ನು ನಿಲ್ಲಿಸುವ ಭಾಗವೂ, ಮೊದಲನೆಯ ಅಪಾಯವನ್ನೇ ತಡೆಯುತ್ತದೆ. ಎರಡನೆಯ ಅಪಾಯದ ಮುಂದೆ ಇವೆರಡೂ ನಿರುಪಯುಕ್ತ. ಮರ್ಕ್ಯಾಪ್ಟನ್ ಉರಿಯಲ್ಲಿ ಸುಟ್ಟುಹೋಗುವುದರಿಂದ ಉರಿದ ಅನಿಲಕ್ಕೆ ಆ ಎಚ್ಚರಿಕೆಯ ವಾಸನೆ ಉಳಿದಿರುವುದಿಲ್ಲ. ಪೈಲಟ್ ಚೆನ್ನಾಗಿ ಉರಿಯುತ್ತಿರುವವರೆಗೆ ಥರ್ಮೊಕಪಲ್ ಸುಮ್ಮನಿರುತ್ತದೆ. ‘ಗ್ಯಾಸಿನ ವಾಸನೆ ಇಲ್ಲ, ಆದ್ದರಿಂದ ಭಯವಿಲ್ಲ’ ಎಂಬ ಜನರ ನಂಬಿಕೆ ಅರ್ಧ ಸತ್ಯ, ಉಳಿದರ್ಧವನ್ನು ಕಾಯುತ್ತಿರುವುದು ಗೋಡೆಯೊಳಗಿನ ಆ ಕೊಳವೆಯೊಂದೇ.

ಆ ಕಾವಲುಗಾರನ ಸ್ಥಿತಿ ಹೇಗಿದೆ ಎಂದು ಕೇಳಿದರೆ ಸಮಾಧಾನದ ಉತ್ತರ ಸಿಗುವುದಿಲ್ಲ. ಉರಿದ ಅನಿಲದಲ್ಲಿರುವ ನೀರಾವಿ ತಂಪಾದ ಕೊಳವೆಯಲ್ಲಿ ಹನಿಗಟ್ಟಿ, ಸ್ವಲ್ಪ ಆಮ್ಲಗುಣವನ್ನೂ ಪಡೆದು, ದಶಕಗಳ ಕಾಲ ಲೋಹವನ್ನು ತಿನ್ನುತ್ತದೆ. ಮಾಳಿಗೆಯ ಹೊದಿಕೆಯನ್ನು ಬದಲಾಯಿಸುವ ಕೆಲಸಗಾರರು ಕೊಳವೆಯ ತುದಿಯನ್ನು ಸರಿಸಿ ಹಾಗೆಯೇ ಬಿಡಬಹುದು, ಕೀಲು ಕಳಚಿದ ಕೊಳವೆ ಅಟ್ಟದಲ್ಲಿಯೇ ಅನಿಲವನ್ನು ಸುರಿಯಬಹುದು. ಬೇಸಗೆಯಲ್ಲಿ ಹಕ್ಕಿ ಗೂಡು ಕಟ್ಟಿದರೆ ಅದು ತಿಳಿಯುವುದು ಚಳಿಗಾಲದ ಮೊದಲ ರಾತ್ರಿ. ಕ್ಯಾಲಿಫೋರ್ನಿಯಾದ ನೆಲ ಕಂಪಿಸುವ ನೆಲ. 1989ರ ಅಕ್ಟೋಬರಿನ ಲೋಮಾ ಪ್ರಿಯೆಟಾ ಮತ್ತು 1994ರ ಜನವರಿಯ ನಾರ್ತ್‌ರಿಜ್ ಭೂಕಂಪಗಳಂಥ ಅಲುಗಾಟಕ್ಕೆ ಸಿಕ್ಕ ಮರದ ಚೌಕಟ್ಟಿನ ಕಟ್ಟಡದಲ್ಲಿ ಗಾರೆ ಬಿರುಕು ಬಿಟ್ಟದ್ದು ಕಾಣುತ್ತದೆ, ಗಾರೆಯ ಹಿಂದಿನ ಕೀಲು ಬಿಟ್ಟದ್ದು ಕಾಣುವುದಿಲ್ಲ. ಪದೇ ಪದೇ ಬಿಸಿಯಾಗಿ ತಣ್ಣಗಾಗುವ ದಹನಕೋಶದ ತಗಡಿನಲ್ಲಿ ಸೀಳು ಮೂಡಿದರೆ ಉರಿದ ಅನಿಲ ಕೊಳವೆಯವರೆಗೂ ಹೋಗದೆ ಬಿಸಿಗಾಳಿಯೊಂದಿಗೇ ಕೋಣೆಗೆ ಬರುತ್ತದೆ. ನೀಲಿ ಜ್ವಾಲೆ ಒಳ್ಳೆಯದು, ಹಳದಿ ಜ್ವಾಲೆ ಕೆಟ್ಟದ್ದು ಎಂಬ ಹೇಳಿಕೆ ಸೂಚನೆಯಾಗಿ ಸರಿಯಾದರೂ ಪ್ರಮಾಣವಾಗಲಾರದು, ಏಕೆಂದರೆ ನೀಲಿಯಾಗಿಯೇ ಉರಿಯುವ ಬರ್ನರೂ ಮಾನಾಕ್ಸೈಡ್ ಹುಟ್ಟಿಸಬಲ್ಲದು.

ಹಳೆಯ ಹೀಟರುಗಳ ಪರವಾಗಿ ಸಾಮಾನ್ಯವಾಗಿ ಕೇಳಿಬರುವ ಮಾತೊಂದಿದೆ: ಐವತ್ತು ವರ್ಷ ತೊಂದರೆ ಕೊಡದೆ ಉರಿದದ್ದು ಇನ್ನು ಮುಂದೆಯೂ ಉರಿಯುತ್ತದೆ. ಹೀಟರ್ ಬದಲಾಗದಿದ್ದರೂ ಅದರ ಸುತ್ತಲಿನ ಮನೆ ಬದಲಾಗಿದೆ ಎಂಬುದನ್ನು ಈ ಮಾತು ಮರೆಯುತ್ತದೆ. 1973ರ ತೈಲ ಬಿಕ್ಕಟ್ಟಿನ ನಂತರ ಇಂಧನ ಉಳಿತಾಯ ಸಾರ್ವಜನಿಕ ನೀತಿಯಾಯಿತು. 1978ರಿಂದ ಕ್ಯಾಲಿಫೋರ್ನಿಯಾ ಕಟ್ಟಡಗಳ ಇಂಧನ ಬಳಕೆಗೆ ತನ್ನದೇ ಮಾನದಂಡಗಳನ್ನು ತಂದಿತು. ಗಾಳಿ ನುಸುಳುತ್ತಿದ್ದ ಹಳೆಯ ಕಿಟಕಿಗಳ ಜಾಗಕ್ಕೆ ಜೋಡಿ ಗಾಜಿನ ಬಿಗಿ ಕಿಟಕಿಗಳು ಬಂದವು, ಬಾಗಿಲ ಸಂದುಗಳಿಗೆ ರಬ್ಬರ್ ಪಟ್ಟಿ ಅಂಟಿತು. ಇವೆಲ್ಲ ಒಳ್ಳೆಯ ಸುಧಾರಣೆಗಳೇ ಆದರೂ ಹೀಟರ್ ಉಸಿರಾಡುತ್ತಿದ್ದುದು ಅದೇ ಸಂದುಗಳಿಂದ. ಅನಿಲ ಸಂಹಿತೆಯ ಸಾಮಾನ್ಯ ಲೆಕ್ಕದ ಪ್ರಕಾರ ಗಂಟೆಗೆ ಪ್ರತಿ 1,000 ಬಿಟಿಯು ಶಾಖಕ್ಕೆ 50 ಘನ ಅಡಿ ಕೋಣೆಯ ಜಾಗ ಬೇಕು; ಬಿಟಿಯು ಎಂದರೆ ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಬಿಸಿಮಾಡುವ ಶಾಖ. 35,000 ಬಿಟಿಯು ಹೀಟರಿಗೆ, ಅಂದರೆ ಸುಮಾರು ಹತ್ತು ಕಿಲೋವಾಟ್ ಶಕ್ತಿಯದಕ್ಕೆ, 1,750 ಘನ ಅಡಿ ಬೇಕು. ಎಂಟು ಅಡಿ ಎತ್ತರದ ಚಾವಣಿಯಿರುವಲ್ಲಿ ಅದು ಸುಮಾರು 220 ಚದರ ಅಡಿಯ ಜಾಗ. ಮನೆ ಬಹಳ ಬಿಗಿಯಾಗಿದ್ದರೆ ಈ ಲೆಕ್ಕವೂ ಸಲ್ಲದು, ಹೊರಗಿನಿಂದ ಗಾಳಿ ತರುವ ಬೇರೆ ಕಿಂಡಿಗಳೇ ಬೇಕು. ಕಿಟಕಿ ಬದಲಿಸಿದ ದಿನ ಈ ಲೆಕ್ಕವನ್ನು ಮತ್ತೆ ಹಾಕಿದ ಮಾಲೀಕರು ಎಷ್ಟು ಮಂದಿ ಎಂಬುದು ಯೋಚಿಸಬೇಕಾದ ವಿಷಯ.

ಬಿಗಿಯಾದ ಮನೆಯಲ್ಲಿ ಇನ್ನೊಂದು ತೊಡಕೂ ಇದೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಅಥವಾ ಬಟ್ಟೆ ಒಣಗಿಸುವ ಯಂತ್ರ ನಿಮಿಷಕ್ಕೆ ನೂರಾರು ಘನ ಅಡಿ ಗಾಳಿಯನ್ನು ಹೊರಕ್ಕೆ ತಳ್ಳಬಲ್ಲದು. ಅಷ್ಟೇ ಗಾಳಿ ಬೇರೆ ಕಡೆಯಿಂದ ಒಳಬರಲೇಬೇಕು, ಬಾಗಿಲು ಕಿಟಕಿ ಮುಚ್ಚಿರುವಾಗ ಅದಕ್ಕೆ ಉಳಿಯುವ ತೆರೆದ ದಾರಿ ಹೀಟರಿನ ಹೊಗೆಕೊಳವೆಯೇ. ಆಗ ಕೊಳವೆಯಲ್ಲಿ ಹರಿವು ತಿರುಗುಮುರುಗಾಗುತ್ತದೆ. ಸನಿವೇಲ್, ಸ್ಯಾಂಟಾ ಕ್ಲಾರಾ, ಫ್ರೀಮಾಂಟ್ ಮುಂತಾದ ಊರುಗಳ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಬಾಡಿಗೆಗಿರುವ ಕನ್ನಡ ಕುಟುಂಬಗಳಿಗೆ ಈ ವಿಷಯ ನೇರವಾಗಿ ತಾಗುತ್ತದೆ. ಒಗ್ಗರಣೆಯ ಘಾಟು ಹೋಗಲೆಂದು ಫ್ಯಾನನ್ನು ಹೆಚ್ಚು ಹೊತ್ತು ಓಡಿಸುವುದು, ಜನವರಿಯ ಚಳಿಗೆ ಕಿಟಕಿಯ ಸಂದಿಗೆ ಟೇಪು ಅಂಟಿಸುವುದು, ಹುರಿಯುವಾಗ ಕೂಗುವ ಹೊಗೆ ಅಲಾರಮನ್ನು ಕಳಚಿಡುವುದು, ಇವು ಒಂದೊಂದೂ ತಮ್ಮಷ್ಟಕ್ಕೆ ಸಣ್ಣ ಅನುಕೂಲಗಳು. ಹಳೆಯ ಹೀಟರಿರುವ ಮನೆಯಲ್ಲಿ ಇವು ಮೂರೂ ಒಂದೇ ಸಂಜೆ ಕೂಡಿದರೆ ಹರಿವು ತಿರುಗುತ್ತದೆ, ಗಾಳಿ ನಿಲ್ಲುತ್ತದೆ, ಎಚ್ಚರಿಸುವ ಯಂತ್ರವೂ ಇಲ್ಲವಾಗುತ್ತದೆ. ಹೊಗೆ ಮತ್ತು ಮಾನಾಕ್ಸೈಡ್ ಎರಡನ್ನೂ ಗುರುತಿಸುವ ಜೋಡಿ ಅಲಾರಮುಗಳೇ ಹಲವು ಮನೆಗಳಲ್ಲಿರುವುದರಿಂದ ಒಂದನ್ನು ಕಳಚಿದವರು ತಿಳಿಯದೆಯೇ ಎರಡನ್ನೂ ಕಳಚಿರುತ್ತಾರೆ.

ಕಾನೂನು ಈ ಅಪಾಯವನ್ನು ಪೂರ್ತಿ ಮರೆತಿಲ್ಲ. ವಾಸದ ಮನೆಯೊಳಗೆ ಬಳಸುವ ಕೊಳವೆಯಿಲ್ಲದ ಗ್ಯಾಸ್ ಹೀಟರುಗಳ ಮಾರಾಟವನ್ನು ಕ್ಯಾಲಿಫೋರ್ನಿಯಾ ನಿಷೇಧಿಸಿದೆ. 2010ರ ಕಾರ್ಬನ್ ಮಾನಾಕ್ಸೈಡ್ ವಿಷಬಾಧೆ ತಡೆ ಕಾಯ್ದೆಯ ಮೂಲಕ ಒಂಟಿ ಮನೆಗಳಲ್ಲಿ 2011ರ ಜುಲೈ 1ರಿಂದಲೂ ಅಪಾರ್ಟ್‌ಮೆಂಟ್ ಮುಂತಾದ ಇತರ ವಸತಿಗಳಲ್ಲಿ 2013ರ ಜನವರಿ 1ರಿಂದಲೂ ಅಲಾರಮುಗಳು ಕಡ್ಡಾಯವಾದವು. ಬಾಡಿಗೆ ಮನೆ ವಾಸಯೋಗ್ಯವೆನಿಸಲು ಸುಸ್ಥಿತಿಯಲ್ಲಿರುವ ತಾಪನ ವ್ಯವಸ್ಥೆ ಇರಬೇಕೆಂದು ಆ ರಾಜ್ಯದ ಸಿವಿಲ್ ಸಂಹಿತೆಯ 1941.1ನೆಯ ಕಲಮು ಹೇಳುತ್ತದೆ. ಆದರೆ ಆ ವ್ಯವಸ್ಥೆ ತನ್ನನ್ನು ಅಳವಡಿಸಿದ ಕಾಲದ ಕಾನೂನಿಗೆ ಒಪ್ಪುವಂತಿದ್ದರೆ ಸಾಕು ಎಂಬ ಮಾತೂ ಅದೇ ಕಲಮಿನಲ್ಲಿದೆ. 1962ರ ಹೀಟರನ್ನು 1962ರ ಅಳತೆಗೋಲಿನಿಂದ ಅಳೆಯುವ ಈ ನಿಯಮ ಆಸ್ತಿಯ ಮಾಲೀಕರಿಗೆ ನ್ಯಾಯವೆಂದು ತೋರಬಹುದು. ಕಿಟಕಿ, ಬಾಗಿಲು, ಫ್ಯಾನುಗಳೆಲ್ಲ ಈ ಶತಮಾನದವಾಗಿರುವ ಮನೆಯಲ್ಲಿ ಮಲಗುವವರಿಗೆ ಅದರಿಂದ ರಕ್ಷಣೆ ಸಿಗುವುದಿಲ್ಲ. ‘ಸುಸ್ಥಿತಿ’ ಎಂಬ ಪದವೂ ಯಾರು, ಯಾವಾಗ, ಏನನ್ನು ಅಳೆದು ಹಾಗೆಂದು ತೀರ್ಮಾನಿಸಬೇಕು ಎಂಬುದನ್ನು ಹೇಳುವುದಿಲ್ಲ. ಹೀಟರ್ ಬಿಸಿ ಕೊಡುತ್ತಿದೆ ಎಂದ ಮೇಲೆ ಅದು ಸುಸ್ಥಿತಿಯಲ್ಲಿದೆ ಎಂದು ಮಾಲೀಕ ಹೇಳಿದರೆ ಬಾಡಿಗೆದಾರನ ಬಳಿ ಪ್ರತಿವಾದಕ್ಕೆ ಆಧಾರವಿರುವುದಿಲ್ಲ.

ಅಲಾರಮ್ ಇದೆಯಲ್ಲ ಎಂಬ ಸಮಾಧಾನವನ್ನೂ ಪರೀಕ್ಷಿಸಬೇಕು. ಅಲಾರಮ್ ಜೀವ ಉಳಿಸುತ್ತದೆ, ಅದು ಪ್ರತಿ ಮನೆಯಲ್ಲಿ ಇರಲೇಬೇಕು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಅಮೆರಿಕದಲ್ಲಿ ಬಳಕೆಯಲ್ಲಿರುವ ಮಾನದಂಡದ ಪ್ರಕಾರ ಗಾಳಿಯ ದಶಲಕ್ಷ ಭಾಗಗಳಲ್ಲಿ 70 ಭಾಗ ಮಾನಾಕ್ಸೈಡ್ ಇದ್ದಾಗ ಅಲಾರಮ್ ಒಂದರಿಂದ ನಾಲ್ಕು ಗಂಟೆಗಳ ನಡುವೆ ಕೂಗಬೇಕು, 150 ಭಾಗವಿದ್ದಾಗ 10ರಿಂದ 50 ನಿಮಿಷಗಳ ನಡುವೆ, 400 ಭಾಗವಿದ್ದಾಗ 4ರಿಂದ 15 ನಿಮಿಷಗಳ ನಡುವೆ. ಸುಳ್ಳು ಎಚ್ಚರಿಕೆಗಳಿಂದ ಜನ ಬೇಸತ್ತು ಅಲಾರಮನ್ನೇ ಕಿತ್ತುಹಾಕದಿರಲಿ ಎಂಬ ಕಾರಣಕ್ಕೆ 30 ಭಾಗದಷ್ಟು ಕಡಿಮೆ ಮಟ್ಟದಲ್ಲಿ ಅದು ದಿನಗಟ್ಟಲೆ ಮೌನವಾಗಿರುವಂತೆ ರೂಪಿಸಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಳಾಂಗಣ ಗಾಳಿಗೆ ಕೊಟ್ಟ ಮಾರ್ಗಸೂಚಿಯಾದರೋ ಎಂಟು ಗಂಟೆಯ ಸರಾಸರಿಗೆ ಘನಮೀಟರಿಗೆ 10 ಮಿಲಿಗ್ರಾಂ, ಅಂದರೆ ದಶಲಕ್ಷಕ್ಕೆ ಸುಮಾರು 9 ಭಾಗ. ಆದ್ದರಿಂದ ಅಲಾರಮಿನ ಮೌನಕ್ಕೆ ತಕ್ಷಣದ ಜೀವಾಪಾಯವಿಲ್ಲ ಎಂಬಷ್ಟೇ ಅರ್ಥವಿದೆ, ಗಾಳಿ ಶುದ್ಧವಾಗಿದೆ ಎಂಬ ಅರ್ಥವಿಲ್ಲ. ಅದರ ಸಂವೇದಕಕ್ಕೂ ಐದರಿಂದ ಹತ್ತು ವರ್ಷಗಳ ಆಯುಷ್ಯ ಮಾತ್ರ. ಉಳಿದೆಲ್ಲ ತಡೆಗಳೂ ಸೋತ ಮೇಲೆ ಕೆಲಸ ಮಾಡಬೇಕಾದ ಕಡೆಯ ಬೇಲಿಯನ್ನು ಮೊದಲ ಬೇಲಿಯಾಗಿ ನಂಬುವುದು ವಿವೇಕವಲ್ಲ.

ಮೊದಲ ಬೇಲಿ ಹೇಗಿರಬೇಕು ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆ ಇದೆ. ಅಲ್ಲಿನ 1998ರ ಅನಿಲ ಸುರಕ್ಷತಾ ನಿಯಮಗಳ ಪ್ರಕಾರ ಬಾಡಿಗೆ ಮನೆಯ ಗ್ಯಾಸ್ ಉಪಕರಣವನ್ನೂ ಅದರ ಹೊಗೆಕೊಳವೆಯನ್ನೂ ನೋಂದಾಯಿತ ತಂತ್ರಜ್ಞನಿಂದ ಹನ್ನೆರಡು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುವುದು ಮಾಲೀಕನ ಕರ್ತವ್ಯ. ಪರೀಕ್ಷೆಯ ದಾಖಲೆಯ ಪ್ರತಿಯನ್ನು ಈಗಾಗಲೇ ವಾಸವಿರುವ ಬಾಡಿಗೆದಾರನಿಗೆ 28 ದಿನಗಳೊಳಗೂ, ಹೊಸ ಬಾಡಿಗೆದಾರನಿಗೆ ಒಳಗೆ ಬರುವ ಮೊದಲೂ ಕೊಡಬೇಕು. ಕಾಗದದ ಪ್ರತಿ ವಾಸಿಸುವವನ ಕೈಗೆ ಬರುವುದೇ ಈ ನಿಯಮದ ಜೀವಾಳ, ಏಕೆಂದರೆ ತನಗೆ ಕಾಣದ ಕೊಳವೆಯನ್ನು ಬೇರೊಬ್ಬರು ಕಂಡಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ. ಫ್ಲ್ಯಾಟುಗಳಲ್ಲಿ ಗೋಡೆ ಮತ್ತು ಚಾವಣಿಯ ಪೊಳ್ಳುಗಳಲ್ಲಿ ಅಡಗಿರುವ ಹೊಗೆಕೊಳವೆಗಳ ವಿಷಯದಲ್ಲಿ ಬ್ರಿಟನ್ ಇನ್ನೂ ಮುಂದೆ ಹೋಯಿತು: ಕೊಳವೆಯನ್ನು ಕಣ್ಣಾರೆ ನೋಡಲು ತಪಾಸಣಾ ಕಿಂಡಿಗಳಿಲ್ಲದಿದ್ದರೆ ಅಂಥ ಉಪಕರಣವನ್ನು 2013ರ ಆರಂಭದಿಂದ ಅಪಾಯದ ಅಂಚಿನಲ್ಲಿರುವುದೆಂದು ಪರಿಗಣಿಸಿ ಆರಿಸಿಡುವ ಪದ್ಧತಿ ಬಂದಿತು. ನೋಡಲಾಗದ ಕೊಳವೆಯನ್ನು ಸರಿಯಿದೆ ಎಂದು ಭಾವಿಸಬಾರದು ಎಂಬ ತತ್ವ ಅದರ ಹಿಂದಿದೆ. ಕ್ಯಾಲಿಫೋರ್ನಿಯಾದ ಗೋಡೆ ಹೀಟರುಗಳಿಗೂ ಈ ತತ್ವವನ್ನೇ ಅನ್ವಯಿಸಬೇಕು.

ಪರೀಕ್ಷೆ ಎಂದರೆ ಪೈಲಟ್ ಹಚ್ಚಿ ಧೂಳು ಹೊಡೆಯುವುದಷ್ಟೇ ಆಗಬಾರದು. ಮನೆಯ ಬಾಗಿಲು ಕಿಟಕಿ ಮುಚ್ಚಿ, ಎಲ್ಲ ಫ್ಯಾನುಗಳನ್ನೂ ಓಡಿಸಿ, ಅಂದರೆ ಅತಿ ಕೆಟ್ಟ ಸ್ಥಿತಿಯನ್ನು ತಂದುಕೊಂಡು, ಡ್ರಾಫ್ಟ್ ಹುಡ್ಡಿನ ಬಳಿ ಅನಿಲ ಒಳಕ್ಕೆ ಸೆಳೆಯಲ್ಪಡುತ್ತಿದೆಯೋ ಹೊರಕ್ಕೆ ಚೆಲ್ಲುತ್ತಿದೆಯೋ ನೋಡಬೇಕು. ಕೊಳವೆಯ ಅನಿಲದಲ್ಲಿ ಮಾನಾಕ್ಸೈಡನ್ನು ಉಪಕರಣದಿಂದ ಅಳೆಯಬೇಕು. ದಹನಕೋಶದಲ್ಲಿ ಸೀಳಿದೆಯೇ, ಅಟ್ಟದಲ್ಲಿ ಕೀಲು ಕೂಡಿದೆಯೇ, ಮಾಳಿಗೆಯ ಮೇಲೆ ತುದಿ ತೆರೆದಿದೆಯೇ ಎಂದು ಪರಿಶೀಲಿಸಬೇಕು. ಒಂದು ಕೀಲು ಎಷ್ಟು ಮುಖ್ಯ ಎಂಬುದಕ್ಕೆ ದಕ್ಷಿಣ ಕೊರಿಯಾದ ಗ್ಯಾಂಗ್‌ನುಂಗ್‌ನಲ್ಲಿ 2018ರ ಡಿಸೆಂಬರಿನಲ್ಲಿ ನಡೆದ ದುರಂತ ಸಾಕ್ಷಿ. ಪ್ರವಾಸಿಗರ ತಂಗುಮನೆಯೊಂದರಲ್ಲಿ ಗ್ಯಾಸ್ ಬಾಯ್ಲರಿನಿಂದ ಹೊಗೆಕೊಳವೆ ಕಳಚಿದ್ದರಿಂದ ಮೂವರು ವಿದ್ಯಾರ್ಥಿಗಳು ಸತ್ತರು, ಜೊತೆಗಿದ್ದ ಏಳು ಮಂದಿ ಆಸ್ಪತ್ರೆ ಸೇರಿದರು. ರಿಪೇರಿಯವನ ಅರ್ಹತೆ ಎಷ್ಟು ಮುಖ್ಯ ಎಂಬುದನ್ನು ಜಪಾನ್ 2006ರಲ್ಲಿ ಅರಿಯಿತು. ನೀರು ಕಾಯಿಸುವ ಗ್ಯಾಸ್ ಉಪಕರಣಗಳ ಸುರಕ್ಷತಾ ಸಾಧನವನ್ನು ನಿಷ್ಕ್ರಿಯಗೊಳಿಸಿದ ರಿಪೇರಿಗಳಿಂದಾಗಿ 1985ರಿಂದ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಿದ್ದರೆಂದು ಆಗ ಬಯಲಾಯಿತು. ನಂತರದ ಮಾದರಿಯ ಗೋಡೆ ಹೀಟರುಗಳಲ್ಲಿ ಡ್ರಾಫ್ಟ್ ಹುಡ್ಡಿನ ಬಳಿ ಅನಿಲ ಚೆಲ್ಲಿದಾಗ ಉರಿಯನ್ನು ನಿಲ್ಲಿಸುವ ಸ್ವಿಚ್ ಇರುತ್ತದೆ. ಅದು ಪದೇ ಪದೇ ಹೀಟರನ್ನು ಆರಿಸುತ್ತಿದ್ದರೆ ಕೆಟ್ಟಿರುವುದು ಬಹುಶಃ ಸ್ವಿಚ್ಚಲ್ಲ, ಕೊಳವೆ; ತಂತಿ ಸೇರಿಸಿ ಸ್ವಿಚ್ಚನ್ನು ನಿಷ್ಕ್ರಿಯಗೊಳಿಸುವವನು ಎಚ್ಚರಿಸಿದ ನಾಲಿಗೆಯನ್ನೇ ಕತ್ತರಿಸಿದಂತೆ.

ಈ ಬೇಡಿಕೆಗೆ ಇರುವ ಆಕ್ಷೇಪಗಳು ಲಘುವಾದವಲ್ಲ. ಇಂಥ ಸಾವುಗಳು ವಿರಳ ಎಂಬುದು ಒಂದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪ್ರಕಾರ ಬೆಂಕಿ ಅನಾಹುತಕ್ಕೆ ಸಂಬಂಧಿಸದ ಆಕಸ್ಮಿಕ ಮಾನಾಕ್ಸೈಡ್ ವಿಷದಿಂದ ಆ ದೇಶದಲ್ಲಿ ವರ್ಷಕ್ಕೆ 400ಕ್ಕೂ ಹೆಚ್ಚು ಜನ ಸಾಯುತ್ತಾರೆ, ಒಂದು ಲಕ್ಷಕ್ಕೂ ಹೆಚ್ಚು ಜನ ತುರ್ತು ಚಿಕಿತ್ಸೆಗೆ ಬರುತ್ತಾರೆ. ಜನರೇಟರ್, ಕಾರು ಮುಂತಾದ ಎಲ್ಲ ಮೂಲಗಳೂ ಇದರಲ್ಲಿ ಸೇರಿವೆ, ಗೋಡೆ ಹೀಟರುಗಳ ಪಾಲು ಒಂದು ಭಾಗ ಮಾತ್ರ. ಆದರೆ ಅಪಾಯ ವಿರಳವೆಂಬುದು ಅದನ್ನು ಅಗ್ಗವಾಗಿ ತಡೆಯಬಹುದಾದಾಗಲೂ ತಡೆಯದಿರುವುದಕ್ಕೆ ಸಮರ್ಥನೆಯಾಗದು. ತಲೆನೋವೆಂದು ಮಾತ್ರೆ ನುಂಗಿ ಮಲಗಿದವರು ಯಾವ ಲೆಕ್ಕದಲ್ಲೂ ಬರುವುದಿಲ್ಲ ಎಂಬುದನ್ನೂ ನೆನೆಯಬೇಕು. ಪರೀಕ್ಷೆಯ ಖರ್ಚು ಕಡೆಗೆ ಬಾಡಿಗೆಯಲ್ಲಿ ಸೇರುತ್ತದೆ ಎಂಬುದು ಎರಡನೆಯ ಆಕ್ಷೇಪ. ಸೇರಬಹುದು, ಆದರೂ ವರ್ಷಕ್ಕೊಂದು ಭೇಟಿಯ ವೆಚ್ಚ ಹನ್ನೆರಡು ತಿಂಗಳ ಬಾಡಿಗೆಯ ಮುಂದೆ ಅಲ್ಪ. ಈ ಹೀಟರುಗಳನ್ನೇ ತೆಗೆದು ವಿದ್ಯುತ್ತಿನ ಹೀಟ್ ಪಂಪ್ ಹಾಕುವ ಕಾಲ ಬಂದಿರುವಾಗ ಹಳೆಯದರ ಮೇಲೆ ಹಣ ಸುರಿಯುವುದೇಕೆ ಎಂಬುದು ಮೂರನೆಯದು, ಎಲ್ಲಕ್ಕಿಂತ ಗಂಭೀರವಾದದ್ದು. ಕೊಲ್ಲಿ ಪ್ರದೇಶದ ವಾಯು ಗುಣಮಟ್ಟ ಮಂಡಳಿ 2023ರ ಮಾರ್ಚಿನಲ್ಲಿ ಅಂಗೀಕರಿಸಿದ ನಿಯಮಗಳು ನೈಟ್ರೋಜನ್ ಆಕ್ಸೈಡ್ ಹೊರಬಿಡುವ ಹೊಸ ಉಪಕರಣಗಳ ಮಾರಾಟವನ್ನು ಹಂತಹಂತವಾಗಿ ನಿಲ್ಲಿಸುವ ಗುರಿ ಹೊಂದಿವೆ. ಆದರೆ ಆ ನಿಯಮಗಳು ಹೊಸದನ್ನು ಕೊಳ್ಳುವಾಗ ಅನ್ವಯಿಸುತ್ತವೆ, ಗೋಡೆಯಲ್ಲಿ ಈಗಾಗಲೇ ಇರುವುದನ್ನು ಕೀಳಿಸುವುದಿಲ್ಲ. ಹೊಸದು ದುಬಾರಿಯಾದಷ್ಟೂ ಹಳೆಯದನ್ನೇ ತೇಪೆ ಹಾಕಿ ಓಡಿಸುವ ಆಸೆ ಹೆಚ್ಚುವುದರಿಂದ ಸಂಕ್ರಮಣದ ಈ ವರ್ಷಗಳಲ್ಲಿಯೇ ಪರೀಕ್ಷೆಯ ಅಗತ್ಯ ಹೆಚ್ಚು.

ಕಾನೂನು ಬರುವವರೆಗೆ ಬಾಡಿಗೆದಾರ ಕೈಕಟ್ಟಿ ಕೂರಬೇಕಾಗಿಲ್ಲ. ಉತ್ತರ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾದ ದೊಡ್ಡ ಅನಿಲ ಕಂಪನಿಗಳು ಗ್ರಾಹಕರು ಕೇಳಿದರೆ ಶುಲ್ಕವಿಲ್ಲದೆ ಮನೆಗೆ ಬಂದು ಪೈಲಟ್ ಹಚ್ಚಿ ಉಪಕರಣವನ್ನು ಪರಿಶೀಲಿಸುತ್ತವೆ. ಚಳಿ ಶುರುವಾಗುವ ಮೊದಲೇ ಇದನ್ನು ಕೇಳುವುದು ಒಳ್ಳೆಯದು. ಕೊಳವೆಯ ಪರೀಕ್ಷೆಯಾದ ದಿನಾಂಕವನ್ನು ಮಾಲೀಕನಿಂದ ಬರವಣಿಗೆಯಲ್ಲಿ ಕೇಳುವುದು, ಹೀಟರಿನ ಮುಂದೆ ಪರದೆ ಮತ್ತು ಪೀಠೋಪಕರಣ ಇಡದಿರುವುದು, ಒಗ್ಗರಣೆಯ ಹೊತ್ತಿಗೆ ಕಿಟಕಿಯೊಂದನ್ನು ತುಸು ತೆರೆಯುವುದು, ಮಲಗುವ ಕೋಣೆಯ ಹತ್ತಿರ ಅಲಾರಮ್ ಇರುವುದನ್ನು ಖಚಿತಪಡಿಸಿಕೊಳ್ಳುವುದು ಇವೆಲ್ಲ ಅವರ ಕೈಯಲ್ಲಿವೆ. ಅಲಾರಮ್ ಕೂಗಿದರೆ, ಅಥವಾ ಜ್ವರವಿಲ್ಲದೆ ಮನೆಯವರೆಲ್ಲರಿಗೂ ಒಟ್ಟಿಗೆ ತಲೆನೋವು ಬಂದು ಹೊರಗೆ ಹೋದಾಗ ಕಡಿಮೆಯಾಗುತ್ತಿದ್ದರೆ, ಕಾರಣ ಹುಡುಕುತ್ತ ಒಳಗೆ ನಿಲ್ಲದೆ ಎಲ್ಲರೂ ಹೊರಬಂದು 911ಕ್ಕೆ ಕರೆ ಮಾಡಬೇಕು. ಇಷ್ಟೆಲ್ಲ ಮಾಡಿದರೂ ಬಾಡಿಗೆದಾರ ಗೋಡೆ ಒಡೆದು ಕೊಳವೆ ನೋಡಲಾರ, ಮಾಳಿಗೆ ಹತ್ತಲಾರ. ಅವನ ಎಚ್ಚರ ಅಗತ್ಯವೇ ಹೊರತು ಸಾಕಾಗುವಂಥದ್ದಲ್ಲ.

ಕರ್ನಾಟಕದ ಮನೆಗಳಿಗೂ ಈ ಪಾಠ ದೂರದ್ದಲ್ಲ. ಚಳಿಗೆ ಹೀಟರ್ ಬೇಡದ ಈ ನಾಡಿನ ನಗರಗಳಲ್ಲಿ ಅದೇ ಅಪಾಯ ಗ್ಯಾಸ್ ಗೀಸರಿನ ರೂಪದಲ್ಲಿ ಬಚ್ಚಲುಮನೆಗೆ ಬಂದಿದೆ. ಸ್ನಾನಕ್ಕೆ ಹೋದವರು ಪ್ರಜ್ಞೆ ತಪ್ಪಿ ಬಿದ್ದ, ಸತ್ತ ಸುದ್ದಿ ಬೆಂಗಳೂರಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ವೈದ್ಯಕೀಯ ಬರಹಗಳಲ್ಲಿ ಇದಕ್ಕೆ ‘ಗ್ಯಾಸ್ ಗೀಸರ್ ಸಿಂಡ್ರೋಮ್’ ಎಂಬ ಹೆಸರೇ ನಿಂತಿದೆ. ನಿಮಿಷಕ್ಕೆ ಆರು ಲೀಟರ್ ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಮಾಡುವ ಗೀಸರಿಗೆ ಹತ್ತು ಕಿಲೋವಾಟಿಗಿಂತ ಹೆಚ್ಚು ಶಕ್ತಿ ಬೇಕು, ಅಂದರೆ ಕ್ಯಾಲಿಫೋರ್ನಿಯಾದ ಇಡೀ ಅಪಾರ್ಟ್‌ಮೆಂಟನ್ನು ಬೆಚ್ಚಗಿಡುವ ಹೀಟರಿನಷ್ಟೇ ಉರಿ, ಐದು ಅಡಿಗೆ ಏಳು ಅಡಿಯ ಬಚ್ಚಲಿನಲ್ಲಿ, ಹಲವೆಡೆ ಕೊಳವೆಯೇ ಇಲ್ಲದೆ. ಹೊರಗಿನ ಗಾಳಿ ಬಾರದಿದ್ದರೆ ಅಂಥ ಕೋಣೆಯ ಆಮ್ಲಜನಕ ಐದಾರು ನಿಮಿಷಗಳಲ್ಲಿ ಶೇಕಡಾ 21ರಿಂದ 18ಕ್ಕೆ ಇಳಿಯುತ್ತದೆಂದು ಲೆಕ್ಕ ತೋರಿಸುತ್ತದೆ. ಹೊಗೆಕೊಳವೆ ಒಲೆಯ ಅಂಗವೆಂಬ ತಿಳಿವು ಈ ನೆಲಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದ ವಿಜ್ಞಾನಿಗಳು ಹಳ್ಳಿಯ ಹೆಂಗಸರಿಗಾಗಿ ಅಸ್ತ್ರ ಒಲೆಯನ್ನು ರೂಪಿಸಿದಾಗ ಹೊಗೆಕೊಳವೆಯನ್ನು ಒಲೆಯೊಂದಿಗೇ ಕಟ್ಟಿದರು. ಸೌದೆ ಒಲೆಗೆ ತೋರಿದ ಆ ಕಾಳಜಿ ಗೀಸರನ್ನು ಬಚ್ಚಲಿನಿಂದ ಹೊರಗೆ, ತೆರೆದ ಗಾಳಿಯಲ್ಲಿ ಅಳವಡಿಸುವುದರಲ್ಲಿಯೂ ಕಾಣಬೇಕು.

ಲಿಫ್ಟಿನ ಉದಾಹರಣೆಯಿಂದ ಈ ವಾದದ ನ್ಯಾಯ ಸ್ಪಷ್ಟವಾಗುತ್ತದೆ. ಕಟ್ಟಡದ ಲಿಫ್ಟನ್ನು ಏರುವವನು ಅದರ ಹಗ್ಗವನ್ನು ತಾನೇ ಪರೀಕ್ಷಿಸಿ ಏರಲಿ ಎಂದು ಯಾವ ಸಮಾಜವೂ ಹೇಳುವುದಿಲ್ಲ. ಹಗ್ಗ ಹರಿಯುವುದು ತೀರ ವಿರಳವಾದರೂ ನಿಯತ ತಪಾಸಣೆ ಮಾಡಿಸುವುದು ಮಾಲೀಕನ ಕರ್ತವ್ಯ, ಅದು ಬಾಡಿಗೆಗೆ ಎಷ್ಟು ಸೇರಿಸುತ್ತದೆಂದು ಯಾರೂ ಚರ್ಚಿಸುವುದಿಲ್ಲ. ಹೊಗೆಕೊಳವೆ ಲಿಫ್ಟಿನ ಹಗ್ಗದ ಹಾಗೆಯೇ ಕಟ್ಟಡದ ಭಾಗ, ಅದರ ಹಾಗೆಯೇ ಮರೆಯಲ್ಲಿರುವ ಭಾಗ, ಅದರ ಹಾಗೆಯೇ ಜೀವ ತೂಗುವ ಭಾಗ. ಲಿಫ್ಟಿನಲ್ಲಿ ನಿಂತವರು ಎಚ್ಚರವಾಗಿರುತ್ತಾರೆ, ಹೀಟರಿನ ಮುಂದಿನವರು ಮಲಗಿರುತ್ತಾರೆ ಎಂಬ ವ್ಯತ್ಯಾಸ ಹೊಣೆಯನ್ನು ಹೆಚ್ಚಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ. ಕೊಳವೆಯನ್ನು ಯಾರು ನೋಡಿದರು, ಎಂದು ನೋಡಿದರು, ಎಷ್ಟು ಮಾನಾಕ್ಸೈಡ್ ಅಳೆದರು ಎಂದು ಬರೆದು ಸಹಿ ಹಾಕಿದ ಒಂದು ಚೀಟಿ ಪ್ರತಿ ಹಳೆಯ ಹೀಟರಿನ ಪಕ್ಕದಲ್ಲಿ ಅಂಟಿರಬೇಕು. ಅಂಥ ಚೀಟಿ ಇಲ್ಲದ ಹೀಟರಿಗೆ ಆ ಚಳಿಗಾಲದಲ್ಲಿ ಉರಿಯುವ ಹಕ್ಕಿರಬಾರದು.